ತಾಳಿ, ಸಹಿ, ಏಳು ಹೆಜ್ಜೆ: ಮದುವೆ ಆಯ್ತು ಅಂತ ಹೇಳೋದು ಯಾರು?

ಮದುವೆಯಾಗಿ ಒಂಬತ್ತು ವರ್ಷವಾದ ಮೇಲೆ ನಾವಿಬ್ಬರೂ ಮದುವೆ ನೋಂದಣಿ ಮಾಡಿಸಲು ಹೋದೆವು. ವೀಸಾಕ್ಕೆ ಸರ್ಟಿಫಿಕೇಟ್ ಬೇಕಿತ್ತು. ಇಲ್ಲದಿದ್ದರೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಆಧಾರ್, ವಯಸ್ಸಿನ ದಾಖಲೆ, ಮೂರು ಜನ ಸಾಕ್ಷಿ, ಎಲ್ಲ ತಯಾರಿತ್ತು. ಮೇಜಿನ ಆಚೆ ಕೂತಿದ್ದವರು ಲಗ್ನಪತ್ರಿಕೆ ಕೇಳಿದರು. ಅಮ್ಮ ಬೀರುವಿನಲ್ಲಿ ಒಂದನ್ನು ಎತ್ತಿಟ್ಟಿದ್ದಳು, ಬಚಾವಾದೆವು. ಆಮೇಲೆ ಫೋಟೊ ಕೇಳಿದರು. "ತಾಳಿ ಕಟ್ಟೋದು ಕಾಣಬೇಕು" ಅಂದರು. ನಮ್ಮ ಆಲ್ಬಮ್ಮಿನ ಆ ಫೋಟೊದಲ್ಲಿ ಕಾಣುವುದು ಸೋದರತ್ತೆಯ ಬೆನ್ನು. ಗಟ್ಟಿಮೇಳ ಶುರುವಾದ ತಕ್ಷಣ ಅಕ್ಷತೆ ಹಾಕಲು ಎಲ್ಲರೂ ನುಗ್ಗಿದ್ದರು, ಫೋಟೊಗ್ರಾಫರ್ ಪಾಪ ಏನು ಮಾಡ್ತಾನೆ. ಕೊನೆಗೆ ಧಾರೆ ಎರೆಯುವ ಫೋಟೊ ಕೊಟ್ಟೆವು. ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ನಮ್ಮ ಮುಖ ಎರಡೆರಡು ಸಲ ನೋಡಿ, ಸೀಲು ಒತ್ತಿದರು.

ವಾಪಸ್ ಬರುವಾಗ ಆಟೊದಲ್ಲಿ ಹೆಂಡತಿ ಕೇಳಿದಳು, "ಹಾಗಾದ್ರೆ ಇಷ್ಟು ದಿನ ನಮ್ಮದು ಮದುವೆ ಅಲ್ವಾ?"

ಮದುವೆಯೇ. ಹಿಂದೂ ವಿವಾಹ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ನೋಂದಣಿ ಮಾಡಿಸದಿದ್ದರೂ ಮದುವೆ ಸಿಂಧು. ಛತ್ರದಲ್ಲಿ ಪುರೋಹಿತರು ಮಾಡಿಸಿದ್ದೇ ಮದುವೆ. ಸರ್ಕಾರ ಅದನ್ನು ಪುಸ್ತಕದಲ್ಲಿ ಬರೆದುಕೊಂಡಿತು, ಅಷ್ಟೇ. ಹಾಗಾದರೆ ಮದುವೆ ಧರ್ಮದ ವಿಷಯ ಅಂತ ಕೈ ತೊಳೆದುಕೊಳ್ಳೋಣ ಅಂದರೆ ಅದೂ ಆಗುವುದಿಲ್ಲ. ಗಂಡ ಸತ್ತರೆ ಕುಟುಂಬ ಪಿಂಚಣಿ ಯಾರಿಗೆ, ಬಿಟ್ಟು ಹೋದರೆ ಜೀವನಾಂಶ ಎಷ್ಟು, ಮನೆ ಯಾರ ಪಾಲಿಗೆ ಅನ್ನುವುದನ್ನೆಲ್ಲ ತೀರ್ಮಾನಿಸುವುದು ಸರ್ಕಾರ ಮತ್ತು ಕೋರ್ಟು.

ಮದುವೆ ಅಂದರೆ ಏನು ಅಂತ ಹೇಳಬೇಕಾದ್ದು ಸರ್ಕಾರವೋ ಧರ್ಮವೋ ಅನ್ನುವ ಜಗಳ ಎಲ್ಲ ದೇಶದಲ್ಲೂ ಇದೆ. ನಮ್ಮಲ್ಲಿ ಅದಕ್ಕೊಂದು ವಿಚಿತ್ರ ಉತ್ತರ ಸಿಕ್ಕಿದೆ. ಸರ್ಕಾರ ಮದುವೆಯ ಅರ್ಥವನ್ನು ಧರ್ಮದ ಹತ್ತಿರ ಸಾಲ ತಗೊಂಡು, ಹಕ್ಕಿನ ಲೆಕ್ಕ ಮಾತ್ರ ತಾನೇ ಬರೆಯುತ್ತದೆ. ಈ ಸಾಲದ ವ್ಯವಹಾರದಲ್ಲಿ ನಷ್ಟ ಆಗುವುದು ಜಾಸ್ತಿ ಹೆಂಗಸರಿಗೆ ಅನ್ನುವುದು ನನ್ನ ತಕರಾರು.

ಏಳನೇ ಹೆಜ್ಜೆ

1955ರ ಹಿಂದೂ ವಿವಾಹ ಕಾಯ್ದೆ ಹಿಂದೂಗಳಿಗೆ ಮಾತ್ರವಲ್ಲ, ಬೌದ್ಧ, ಜೈನ, ಸಿಖ್ಖರಿಗೂ ಅನ್ವಯಿಸುತ್ತದೆ. ವೀರಶೈವ, ಲಿಂಗಾಯತ ಅನ್ನುವ ಹೆಸರುಗಳೂ ಅದರಲ್ಲೇ ಇವೆ. ಇದರ 7ನೇ ಸೆಕ್ಷನ್ ಬಹಳ ಚಿಕ್ಕದು. ಗಂಡು ಅಥವಾ ಹೆಣ್ಣು, ಯಾರದಾದರೂ ಒಂದು ಕಡೆಯ ಸಂಪ್ರದಾಯದ ಶಾಸ್ತ್ರಗಳ ಪ್ರಕಾರ ಮದುವೆ ನಡೆಯಬೇಕು. ಆ ಶಾಸ್ತ್ರಗಳಲ್ಲಿ ಸಪ್ತಪದಿ ಇದ್ದರೆ, ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ತಿಯಾಗುತ್ತದೆ. ಆರನೇ ಹೆಜ್ಜೆಯಲ್ಲಿ ಕರೆಂಟು ಹೋಗಿ ನಿಂತರೆ? ತಮಾಷೆಗೆ ಕೇಳಬಹುದು, ಆದರೆ ಕೋರ್ಟುಗಳು ಇಂಥದ್ದನ್ನು ಗಂಭೀರವಾಗಿಯೇ ಕೇಳಿವೆ.

ಮಹಾರಾಷ್ಟ್ರದ ಒಂದು ಪ್ರಕರಣ ನೋಡಿ. ಮೊದಲ ಹೆಂಡತಿ ಇರುವಾಗಲೇ ಒಬ್ಬ 1962ರಲ್ಲಿ ಇನ್ನೊಬ್ಬಳನ್ನು ಮದುವೆಯಾದ. ಹಾರ ಬದಲಾಯಿಸಿದರು, ಹಣೆಗೆ ಹಣೆ ತಾಗಿಸಿದರು, ಇದು ಗಾಂಧರ್ವ ಮದುವೆ ಅಂದರು. ಮೊದಲ ಹೆಂಡತಿ ಕೇಸು ಹಾಕಿದಳು. 1965ರಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು ಗೊತ್ತಾ? ಅಗ್ನಿಯ ಮುಂದೆ ಹೋಮ ಆಗಿಲ್ಲ, ಸಪ್ತಪದಿ ಆಗಿಲ್ಲ, ಅವು ಬೇಡ ಅನ್ನುವ ಸಂಪ್ರದಾಯ ಇದೆ ಅಂತಲೂ ಸಾಬೀತಾಗಿಲ್ಲ. ಹಾಗಾಗಿ ಎರಡನೆಯದು ಮದುವೆಯೇ ಅಲ್ಲ. ಮದುವೆಯೇ ಅಲ್ಲದ ಮೇಲೆ ಎರಡು ಮದುವೆಯಾದ ಅಪರಾಧ ಎಲ್ಲಿಂದ ಬಂತು? ಅವನು ಬಿಡುಗಡೆಯಾದ.

ಇಲ್ಲಿ ಸೋತವರು ಇಬ್ಬರು. ಮೊದಲ ಹೆಂಡತಿಗೆ ನ್ಯಾಯ ಸಿಗಲಿಲ್ಲ. ಎರಡನೆಯವಳು ಹೆಂಡತಿ ಅನ್ನುವ ಹೆಸರನ್ನೂ ಕಳೆದುಕೊಂಡಳು. ಗೆದ್ದವನು ಶಾಸ್ತ್ರ ಬಿಟ್ಟವನು. ಒಂದು ಹೋಮ ತಪ್ಪಿಸಿದರೆ ಜೈಲು ತಪ್ಪುತ್ತದೆ ಅನ್ನುವ ದಾರಿ ಹೀಗೆ ತೆರೆದುಕೊಂಡಿತು.

ಇದಕ್ಕೆ ತದ್ವಿರುದ್ಧ ತುದಿಯಲ್ಲಿ 2024ರ ಏಪ್ರಿಲ್ ತಿಂಗಳ ತೀರ್ಪು ಇದೆ. ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಪೈಲಟ್ ತರಬೇತಿ ಪಡೆದ ಇಬ್ಬರು 2021ರಲ್ಲಿ ಒಂದು ಸಂಸ್ಥೆಯಿಂದ ಮದುವೆಯ ಪ್ರಮಾಣಪತ್ರ ತಗೊಂಡು, ಉತ್ತರ ಪ್ರದೇಶದಲ್ಲಿ ನೋಂದಣಿಯನ್ನೂ ಮಾಡಿಸಿದ್ದರು. ಶಾಸ್ತ್ರೋಕ್ತ ಮದುವೆ ಮುಂದಿನ ವರ್ಷ ಅಂತ ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಮನಸ್ಸು ಮುರಿಯಿತು. ಕೊನೆಗೆ ಇಬ್ಬರೂ ಸೇರಿಯೇ, ನಮ್ಮ ಮದುವೆ ಆಗಿಲ್ಲ ಅಂತ ಹೇಳಿ ಎಂದು ಕೋರ್ಟನ್ನು ಕೇಳಿದರು. ಕೋರ್ಟು ಒಪ್ಪಿತು. ಶಾಸ್ತ್ರ ನಡೆಯದಿದ್ದರೆ ಹಿಂದೂ ಕಾಯ್ದೆಯಡಿ ಮದುವೆ ಇಲ್ಲ, ಸರ್ಟಿಫಿಕೇಟಿಗೆ ಬೆಲೆ ಇಲ್ಲ. ಮದುವೆ ಅಂದರೆ ಹಾಡು, ಕುಣಿತ, ಊಟ, ಪಾನದ ಕಾರ್ಯಕ್ರಮ ಅಲ್ಲ ಅನ್ನುವ ಮಾತೂ ತೀರ್ಪಿನಲ್ಲಿತ್ತು. ಪತ್ರಿಕೆಗಳಲ್ಲಿ ಓಡಿದ್ದು ಅದೇ ಸಾಲು.

ಎರಡನ್ನೂ ಜೋಡಿಸಿ ನೋಡಿ. ಕಾಗದ ಇಲ್ಲದೆ ಶಾಸ್ತ್ರ ಆದರೆ ಮದುವೆ. ಶಾಸ್ತ್ರ ಇಲ್ಲದೆ ಕಾಗದ ಆದರೆ ಮದುವೆ ಅಲ್ಲ. ನಮ್ಮ ಆಲ್ಬಮ್ಮಿನಲ್ಲಿ ತಾಳಿ ಹುಡುಕಿದವರು ಸುಮ್ನೆ ತೊಂದರೆ ಕೊಡುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಕಾನೂನು ಅವರಿಗೆ ಕೊಟ್ಟಿರುವ ಕೆಲಸವೇ ಅದು.

ಇದರಲ್ಲಿ ಕನ್ನಡಿಗರಿಗೆ ಹತ್ತಿರದ ಒಂದು ಸಿಕ್ಕು ಇದೆ. ಕುವೆಂಪು ಮಂತ್ರಮಾಂಗಲ್ಯದ ಪದ್ಧತಿ ಕೊಟ್ಟರು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ. ಹುಡುಗ ಹುಡುಗಿ ಹತ್ತಾರು ಜನರ ಮುಂದೆ ಪ್ರತಿಜ್ಞೆ ಓದಿ ಹಾರ ಹಾಕಿಕೊಂಡರೆ ಆಯಿತು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಆಗಿದ್ದು ಹೀಗೆಯೇ. ಈಗಲೂ ಎಷ್ಟೋ ಜನ ಆಗುತ್ತಾರೆ. ಆದರೆ 7ನೇ ಸೆಕ್ಷನ್ ಕೇಳುವುದು ಸಂಪ್ರದಾಯವನ್ನು, ಮಂತ್ರಮಾಂಗಲ್ಯ ಹುಟ್ಟಿದ್ದೇ ಸಂಪ್ರದಾಯ ಬೇಡ ಅಂತ!

ತಮಿಳುನಾಡಿನಲ್ಲಿ ಪೆರಿಯಾರ್ ಚಳವಳಿಯ ಸ್ವಾಭಿಮಾನ ಮದುವೆಗಳಿಗೂ ಇದೇ ಗತಿ ಬಂದಿತ್ತು. ಶಾಸ್ತ್ರ ಇಲ್ಲದ ಅಂಥ ಮದುವೆ ಸಿಂಧು ಅಲ್ಲ ಅಂತ 1953ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಅಣ್ಣಾದುರೈ ಸರ್ಕಾರ 1967ರಲ್ಲಿ ತಿದ್ದುಪಡಿ ತಂದು 7ಎ ಅನ್ನುವ ಸೆಕ್ಷನ್ ಸೇರಿಸಿತು. ನೆಂಟರ, ಗೆಳೆಯರ ಮುಂದೆ, ತಮಗೆ ಅರ್ಥವಾಗುವ ಭಾಷೆಯಲ್ಲಿ, ನಾನು ನಿನ್ನನ್ನು ಒಪ್ಪಿದೆ ಅಂತ ಹೇಳಿದರೆ ಸಾಕು. ಅಥವಾ ಹಾರ, ಉಂಗುರ, ತಾಳಿ, ಯಾವುದಾದರೂ ಒಂದು. ಹಿಂದೆ ಆಗಿದ್ದ ಮದುವೆಗಳಿಗೂ ಅದು ಅನ್ವಯಿಸಿತು. ಕರ್ನಾಟಕದಲ್ಲಿ ಇಂಥ 7ಎ ಇಲ್ಲ. ಅದಕ್ಕೇ ಮಂತ್ರಮಾಂಗಲ್ಯ ಆಗುವವರಿಗೆ ತಿಳಿದವರು ಹೇಳುವುದು ಒಂದೇ ಮಾತು: ಮೇಲಿಂದ, ಶಾಸ್ತ್ರ ಕೇಳದ ಸ್ಪೆಷಲ್ ಮ್ಯಾರೇಜ್ ಆಕ್ಟ್‌ನಲ್ಲೂ ಸಹಿ ಹಾಕಿಬಿಡಿ, ರಿಸ್ಕ್ ಯಾಕೆ. ಕುವೆಂಪು ನಾಡಿನಲ್ಲಿ ಒಂದು ತಿದ್ದುಪಡಿಗೆ ಇಷ್ಟು ವರ್ಷ ಪುರುಸೊತ್ತು ಸಿಕ್ಕಿಲ್ಲ ಅನ್ನುವುದು ನನಗೆ ಸ್ವಲ್ಪ ನಾಚಿಕೆಯ ವಿಷಯ.

ಅಕ್ಕನ ಮಗಳು

ಸರ್ಕಾರ ಅರ್ಥವನ್ನು ಹೇಗೆ ಸಾಲ ತರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆ ಆಗಬಾರದ ಸಂಬಂಧಗಳ ಪಟ್ಟಿ ಇದೆ. ಅದರಲ್ಲಿ ಸೋದರಮಾವ ಮತ್ತು ಅಕ್ಕನ ಮಗಳು ಬರುತ್ತಾರೆ. ಆದರೂ ನಮ್ಮ ಹಳೇ ಮೈಸೂರಿನ ಊರುಗಳಲ್ಲಿ ಅಕ್ಕನ ಮಗಳನ್ನು ತಂದುಕೊಂಡವರ ಸಂಸಾರ ಎಷ್ಟಿಲ್ಲ! ಅವೆಲ್ಲ ಕಾನೂನುಬಾಹಿರವೇ? ಅಲ್ಲ. ಇಬ್ಬರ ಕಡೆಯ ರೂಢಿಯೂ ಒಪ್ಪಿದರೆ ಪರವಾಗಿಲ್ಲ ಅಂತ ಅದೇ ಕಾಯ್ದೆ ಒಂದು ಕಿಂಡಿ ಬಿಟ್ಟಿದೆ. ಅದೇ ಮದುವೆ, ರೂಢಿ ಇಲ್ಲದ ಉತ್ತರದ ಊರೊಂದರಲ್ಲಿ ಆದರೆ ಅಸಿಂಧು, ಶಿಕ್ಷೆಯೂ ಉಂಟು. ಒಂದೇ ದೇಶ, ಒಂದೇ ಕಾಯ್ದೆ, ಒಂದೇ ಸಂಬಂಧ. ಮಂಡ್ಯದಲ್ಲಿ ಮದುವೆ, ಮೀರತ್‌ನಲ್ಲಿ ಅಪರಾಧ.

ಹಾಗಂತ ಸರ್ಕಾರ ಧರ್ಮ ಹೇಳಿದ್ದನ್ನೆಲ್ಲ ಕೇಳಿಕೊಂಡು ಕೂತಿಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ಶಿಶುವಿವಾಹ ತಡೆ ಕಾನೂನು ತಂದಿತು. 8 ವರ್ಷದೊಳಗಿನ ಹುಡುಗಿಗೆ ಮದುವೆ ಮಾಡುವಂತಿಲ್ಲ. 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗುವಂತಿಲ್ಲ. ಇವತ್ತು ಓದಿದರೆ ಮೈ ಜುಂ ಅನ್ನುತ್ತದೆ, ಆದರೆ ಅವತ್ತಿಗೆ ಅದು ದೊಡ್ಡ ಹೆಜ್ಜೆ. ಆಮೇಲೆ ಇಡೀ ಬ್ರಿಟಿಷ್ ಇಂಡಿಯಾಕ್ಕೆ 1929ರಲ್ಲಿ ಶಾರದಾ ಕಾಯ್ದೆ ಬಂತು: ಹುಡುಗಿಗೆ 14, ಹುಡುಗನಿಗೆ 18. ಹಿಂದೂ ಗಂಡಸಿಗೆ ಒಂದೇ ಮದುವೆ ಅಂತ ಇಡೀ ದೇಶಕ್ಕೆ ಹೇಳಿದ್ದು 1955ರ ಕಾಯ್ದೆ. ಇಂದಿನ ದೇಶದ ಬಾಲ್ಯವಿವಾಹ ಕಾನೂನಿನ ಪ್ರಕಾರ ಇಂಥ ಮದುವೆಯನ್ನು ಆದ ಮೇಲೆ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಕರ್ನಾಟಕ 2017ರಲ್ಲಿ ಜಾರಿಗೆ ತಂದ ತಿದ್ದುಪಡಿಯಲ್ಲಿ ಅದು ಮೊದಲ ದಿನದಿಂದಲೇ ಮದುವೆ ಅಲ್ಲ. ಅಂದರೆ ಇವತ್ತು ನಾವು 'ನಮ್ಮ ಧರ್ಮದ ಮದುವೆ' ಅಂತ ಅಂದುಕೊಂಡಿರುವುದರಲ್ಲಿ ಅರ್ಧ ಭಾಗ ಶಾಸನಸಭೆಯಲ್ಲಿ ಬರೆದದ್ದು. ಒಂದೇ ಹೆಂಡತಿ, ಹದಿನೆಂಟು ವರ್ಷ, ಬೇಕಾದರೆ ವಿಚ್ಛೇದನ, ಇವ್ಯಾವುದೂ ಪಂಚಾಂಗದಿಂದ ಬಂದದ್ದಲ್ಲ.

ವಿಚ್ಛೇದನದ ಬಗ್ಗೆ ಒಂದು ಮಾತು. ಹಿಂದೂಗಳಲ್ಲಿ ಮೊದಲು ಬಿಡುಗಡೆಯೇ ಇರಲಿಲ್ಲ ಅನ್ನುವುದು ಮೇಲ್ಜಾತಿಯ ಕಥೆ. ನಮ್ಮ ಎಷ್ಟೋ ಸಮುದಾಯಗಳಲ್ಲಿ ಪಂಚಾಯ್ತಿ ಸೇರಿ ಬಿಡುಗಡೆ ಮಾಡುತ್ತಿದ್ದರು, ವಿಧವೆಗೆ ಉಡಿಕೆ, ಕೂಡಿಕೆ ಅಂತ ಮರುಮದುವೆ ಇತ್ತು. ಇಂಥ ರೂಢಿಯ ಬಿಡುಗಡೆಯನ್ನು 1955ರ ಕಾಯ್ದೆಯ 29ನೇ ಸೆಕ್ಷನ್ ಈಗಲೂ ಉಳಿಸಿದೆ.

ಮಂಗಳೂರಿನಿಂದ ಹೋದ ಅರ್ಜಿ

ಬೇರೆ ಧರ್ಮಗಳಲ್ಲಿ ಈ ಕೊಡುಕೊಳ್ಳುವಿಕೆ ಬೇರೆ ಥರ. ಕ್ಯಾಥೊಲಿಕ್ ಚರ್ಚಿನ ದೃಷ್ಟಿಯಲ್ಲಿ ಮದುವೆ ಮುರಿಯುವಂತಿಲ್ಲ. ಆದರೆ 'ಇದು ಮೊದಲಿಂದಲೂ ಮದುವೆಯೇ ಆಗಿರಲಿಲ್ಲ' ಅಂತ ಚರ್ಚಿನ ನ್ಯಾಯಮಂಡಳಿ ಹೇಳಬಹುದು. ಹಾಗೆ ಹೇಳಿಸಿಕೊಂಡು ಚರ್ಚಿನಲ್ಲೇ ಇನ್ನೊಂದು ಮದುವೆಯಾದರೆ? ದೇವರ ಮುಂದೆ ಸರಿ, ಪೊಲೀಸ್ ಠಾಣೆಯಲ್ಲಿ ಎರಡು ಮದುವೆಯ ಕೇಸು. ಮಂಗಳೂರಿನ ಕ್ಲಾರೆನ್ಸ್ ಪಾಯ್ಸ್ ಇದನ್ನೇ ಸುಪ್ರೀಂ ಕೋರ್ಟಿಗೆ ಒಯ್ದರು. ತಲಾಖನ್ನು ಕಾನೂನು ಒಪ್ಪುತ್ತದೆ ಅಂದ ಮೇಲೆ ಚರ್ಚಿನ ತೀರ್ಪನ್ನೂ ಒಪ್ಪಲಿ ಅನ್ನುವುದು ಅವರ ವಾದ. 2017ರ ಜನವರಿಯಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ಮದುವೆ ಮಾಡಿಸುವ ಅಧಿಕಾರ ಪಾದ್ರಿಗೆ ಉಂಟು, ಬಿಡಿಸುವ ಅಧಿಕಾರ ಕೋರ್ಟಿಗೆ ಮಾತ್ರ.

ಮುಸ್ಲಿಮರಲ್ಲಿ ಧರ್ಮವೇ ಮದುವೆಯನ್ನು ಕರಾರು ಅನ್ನುತ್ತದೆ. ಪ್ರಸ್ತಾಪ, ಒಪ್ಪಿಗೆ, ಸಾಕ್ಷಿಗಳು, ಗಂಡ ಹೆಂಡತಿಗೆ ಕೊಡಬೇಕಾದ ಮೆಹರ್. ಈ ವಿಷಯದಲ್ಲಿ ಅವರದ್ದೇ ಹೆಚ್ಚು ಆಧುನಿಕ ಅಂತ ವಾದಿಸುವವರಿದ್ದಾರೆ, ಅದರಲ್ಲಿ ನಿಜವೂ ಇದೆ. ಆದರೆ ಕರಾರು ಅಂದ ಕೂಡಲೇ ಹೊಣೆ ಮುಗಿಯಿತಾ? ಬೆಂಗಳೂರಿನ ಒಂದು ಪ್ರಕರಣದಲ್ಲಿ ಗಂಡ 1991ರಲ್ಲಿ, ಮದುವೆಯಾದ ಕೆಲವೇ ತಿಂಗಳಿಗೆ, ತಲಾಖ್ ಕೊಟ್ಟಿದ್ದ. 5,000 ರೂಪಾಯಿ ಮೆಹರ್ ಕೊಟ್ಟಾಯ್ತಲ್ಲ, ಇನ್ನೇನು ಅನ್ನುವುದು ಅವನ ಲೆಕ್ಕ. ಅವಳು ಕೋರ್ಟಿಗೆ ಹೋದಳು. 2011ರಲ್ಲಿ ತಿಂಗಳಿಗೆ 3,000 ರೂಪಾಯಿ ಅಂತ ಆದೇಶವಾಯಿತು. ಅವನು ಮತ್ತೆ ತಕರಾರು ತೆಗೆದ. 2021ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಹೇಳಿದ್ದು ಹೀಗೆ: ಮುಸ್ಲಿಂ ಮದುವೆ ಕರಾರು ಹೌದು, ಹಿಂದೂಗಳ ಹಾಗೆ ಸಂಸ್ಕಾರ ಅಲ್ಲ. ಆದರೂ ಆ ಕರಾರಿನಿಂದ ಒಂದು ಸ್ಥಾನಮಾನ ಹುಟ್ಟುತ್ತದೆ, ಕರಾರು ಮುರಿದ ಮೇಲೂ ಕೆಲವು ಹೊಣೆ ಉಳಿಯುತ್ತದೆ. ತಲಾಖ್‌ನಿಂದ ಆ ತೀರ್ಪಿಗೆ ಮೂವತ್ತು ವರ್ಷ. ಧರ್ಮದ ಲೆಕ್ಕ ಮುಗಿದಲ್ಲಿಂದ ಸರ್ಕಾರದ ಲೆಕ್ಕ ಶುರುವಾಗುವುದು ಹೀಗೆ. ತಡವಾಗಿ ಶುರುವಾಗುತ್ತದೆ ಅನ್ನುವುದು ಬೇರೆ ಮಾತು.

ಬೋರ್ಡಿನ ಮೇಲೆ ಮೂವತ್ತು ದಿನ

ಧರ್ಮವೇ ಬೇಡ ಅನ್ನುವವರಿಗೆ, ಅಥವಾ ಬೇರೆ ಬೇರೆ ಧರ್ಮದವರಿಗೆ, ಒಂದು ದಾರಿ ಇದೆ. ಅದರ ಶುರು 1872ರಲ್ಲಿ. ಬ್ರಹ್ಮ ಸಮಾಜದ ಕೇಶವಚಂದ್ರ ಸೇನರ ಒತ್ತಾಯದಿಂದ ಬಂದ ಆ ಕಾಯ್ದೆಯಡಿ ಮದುವೆಯಾಗಬೇಕಿದ್ದರೆ ಇಬ್ಬರೂ 'ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ' ಅಂತ ಪಟ್ಟಿ ಓದಬೇಕಿತ್ತು. ಪುರೋಹಿತರು ಬೇಡ ಅಂದರೆ ದೇವರನ್ನೂ ಬಿಡು ಅಂದ ಹಾಗೆ. 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್ ಈ ಗೋಳು ತಪ್ಪಿಸಿತು. ಮದುವೆ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಮುಂದೆ, ನಿನ್ನನ್ನು ಕಾನೂನುಬದ್ಧ ಗಂಡನಾಗಿ, ಹೆಂಡತಿಯಾಗಿ ಸ್ವೀಕರಿಸುತ್ತೇನೆ ಅಂತ ಒಂದೊಂದು ವಾಕ್ಯ ಹೇಳಿದರೆ ಮದುವೆ ಆಯಿತು. ನನ್ನ ಪ್ರಕಾರ, ಗೋವಾ ಬಿಟ್ಟರೆ, ಈ ದೇಶದಲ್ಲಿ ಸರ್ಕಾರ ಯಾರ ಹತ್ತಿರವೂ ಸಾಲ ಕೇಳದೆ, ತಾನೇ ಸ್ವಂತವಾಗಿ ಮದುವೆಯ ಅರ್ಥ ಹೇಳಿರುವುದು ಇಲ್ಲಿ ಮಾತ್ರ.

ಅಷ್ಟು ಚೆನ್ನಾಗಿರುವುದಕ್ಕೆ ಒಂದು ಮುಳ್ಳು ಇಟ್ಟಿದ್ದಾರೆ. ಮದುವೆಗೆ ಮೊದಲು ನೋಟಿಸ್ ಕೊಡಬೇಕು. ಹುಡುಗ ಹುಡುಗಿಯ ಹೆಸರು, ವಿಳಾಸ ಇರುವ ಆ ಹಾಳೆಯನ್ನು ಆಫೀಸಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. 30 ದಿನ ಕಾಯಬೇಕು. ಯಾರು ಬೇಕಾದರೂ ಆಕ್ಷೇಪ ಎತ್ತಬಹುದು. ಮನೆಯವರಿಗೆ ಹೆದರಿ ಓಡಿಬಂದ ಜೋಡಿಗೆ ಇದು ಏನು ಮಾಡುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ನಾನು ಸರದಿಗೆ ಕಾಯುತ್ತಿದ್ದಾಗ ಅಂಥ ಬೋರ್ಡಿನ ಮುಂದೆ ಒಬ್ಬರು ನಿಂತು, ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಿದ್ದರು. ಅವರ ಹುಡುಕಾಟ ಯಾವುದೋ ನನಗೆ ಗೊತ್ತಿಲ್ಲ, ಆದರೂ ಹೊಟ್ಟೆಯಲ್ಲಿ ಏನೋ ಒಂಥರಾ ಆಯಿತು. 2021ರಲ್ಲಿ ಅಲಹಾಬಾದ್ ಹೈಕೋರ್ಟ್, ಜೋಡಿ ಕೇಳಿಕೊಂಡರೆ ಮಾತ್ರ ನೋಟಿಸ್ ಪ್ರಕಟಿಸಿ ಅಂದಿತು. ಕಾಯ್ದೆಯ ಪುಸ್ತಕದಲ್ಲಿ ಮಾತ್ರ ಆ ಸೆಕ್ಷನ್ ಹಾಗೇ ಇದೆ. ಜಾತಿ ಒಳಗೆ, ಜಾತಕ ಕೂಡಿಸಿ ಆಗುವ ಮದುವೆಗೆ ಯಾರೂ ತಿಂಗಳುಗಟ್ಟಲೆ ಕಾಯಿಸುವುದಿಲ್ಲ, ಅಲ್ವಾ?

ಸರ್ಕಾರಕ್ಕೇ ಪೂರ್ತಿ ಬಿಟ್ಟುಬಿಡೋಣ ಅನ್ನುವವರು ಹುಷಾರಾಗಿರಬೇಕಾದ ಕಾರಣವೂ ಇಲ್ಲೇ ಇದೆ. ಅಮೆರಿಕದ ವರ್ಜೀನಿಯಾದಲ್ಲಿ ಬಿಳಿಯರು ಕರಿಯರು ಮದುವೆಯಾದರೆ ಅಪರಾಧ ಅಂತ ಹೇಳುತ್ತಿದ್ದುದು ಸರ್ಕಾರವೇ. 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಅಷ್ಟು ದೂರ ಯಾಕೆ, ನಮ್ಮ ಬಸವಕಲ್ಯಾಣಕ್ಕೇ ಬನ್ನಿ. ಹನ್ನೆರಡನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು ಅನ್ನುತ್ತದೆ ಶರಣ ಪರಂಪರೆ. ಒಪ್ಪಿದವರು ಶರಣರು. ಸಂಪ್ರದಾಯಸ್ಥರು ಒಪ್ಪಲಿಲ್ಲ. ರಾಜ ಬಿಜ್ಜಳನೂ ಒಪ್ಪಲಿಲ್ಲ, ಶಿಕ್ಷೆ ಕೊಟ್ಟ. ಅವತ್ತು ಧರ್ಮ, ಸರ್ಕಾರ ಎರಡೂ ಒಂದೇ ಕಡೆ ಇದ್ದವು.

ಸಲಿಂಗ ಜೋಡಿಗಳಿಗೆ ಇವತ್ತಿನ ಅನುಭವ ಇದಕ್ಕೆ ದೂರವಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮದುವೆಯಾಗುವುದು ಸಂವಿಧಾನದ ಮೂಲಭೂತ ಹಕ್ಕಲ್ಲ, ಬೇಕಿದ್ದರೆ ಸಂಸತ್ತು ಕಾನೂನು ಮಾಡಲಿ ಅಂದಿತು. ಆ ಜೋಡಿಗಳು ಮುಖ್ಯವಾಗಿ ಕೇಳಿದ್ದು ಸ್ಪೆಷಲ್ ಮ್ಯಾರೇಜ್ ಆಕ್ಟ್‌ನಲ್ಲಿ ಜಾಗ. ಯಾವ ದೇವಸ್ಥಾನದ, ಯಾವ ಚರ್ಚಿನ ಬಾಗಿಲನ್ನೂ ಅವರು ತಟ್ಟಿರಲಿಲ್ಲ. ಪಂಚಾಂಗಕ್ಕೆ ಸಂಬಂಧವೇ ಇಲ್ಲದ ಈ ಒಂದು ಕಾಯ್ದೆಯಲ್ಲೂ ಜಾಗ ಇಲ್ಲ ಅನ್ನುವುದಾದರೆ, ಧರ್ಮವನ್ನೊಂದೇ ದೂರಿ ಪ್ರಯೋಜನವಿಲ್ಲ.

ಗಡಿ ದಾಟಿದರೆ ಗೋವಾ

ಕಾರವಾರದ ಕಡೆಯವರಿಗೆ ಇದು ಹೊಸದಲ್ಲ. ಗೋವಾದಲ್ಲಿ ಪೋರ್ಚುಗೀಸರ 1867ರ ಸಿವಿಲ್ ಕೋಡ್ ಬೇರು ಬಿಟ್ಟಿದೆ. ಅಲ್ಲಿ ಮದುವೆಯಾಗುವವರು ಮೊದಲು ಸಿವಿಲ್ ರಿಜಿಸ್ಟ್ರಾರ್ ಹತ್ತಿರ ಹೋಗಿ, ಮದುವೆಯಾಗಬೇಕು ಅಂತಿದ್ದೇವೆ ಎಂದು ಸಹಿ ಹಾಕುತ್ತಾರೆ. ಕೆಲವು ದಿನ ಬಿಟ್ಟು ಹೋಗಿ ಸಾಕ್ಷಿಗಳ ಜತೆ ಎರಡನೇ ಸಹಿ. ಅಲ್ಲಿಗೆ ಕಾನೂನಿನ ಮದುವೆ ಮುಗಿಯಿತು. ಛತ್ರ, ಹೋಮ, ಪಾಯಸ ಎಲ್ಲ ಆಮೇಲೆ. ಕ್ಯಾಥೊಲಿಕರು ರಿಜಿಸ್ಟ್ರಾರ್ ಹತ್ತಿರ ಎನ್‌ಒಸಿ ತಗೊಂಡು ಚರ್ಚಿನಲ್ಲಿ ಮದುವೆಯಾದರೆ ಆ ದಾಖಲೆ ವಾಪಸ್ ಸರ್ಕಾರದ ಪುಸ್ತಕಕ್ಕೆ ಸೇರುತ್ತದೆ. ಫ್ರಾನ್ಸ್‌ನಲ್ಲೂ 1792ರಿಂದ ಹೀಗೆಯೇ ಪುರಸಭೆ ಮೊದಲು, ದೇವರು ಆಮೇಲೆ. ಇನ್ನೊಂದು ತುದಿಯಲ್ಲಿ ಇಸ್ರೇಲ್ ಇದೆ. ಅಲ್ಲಿ ಸಿವಿಲ್ ಮದುವೆಯೇ ಇಲ್ಲ. ಬೇರೆ ಬೇರೆ ಧರ್ಮದ ಜೋಡಿಗಳು ವಿಮಾನ ಹತ್ತಿ ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬರುತ್ತಾರೆ. ಅದನ್ನು ಸರ್ಕಾರ ದಾಖಲು ಮಾಡಿಕೊಳ್ಳುತ್ತದೆ!

ಗೋವಾವನ್ನು ಆದರ್ಶ ಅಂತ ತೋರಿಸುವವರು ಒಂದು ವಿಷಯ ಮುಚ್ಚಿಡುತ್ತಾರೆ. ಹಿಂದೂ ಗಂಡಸಿಗೆ, ಹೆಂಡತಿಗೆ ಇಷ್ಟು ವಯಸ್ಸಾದರೂ ಮಗು ಆಗದಿದ್ದರೆ, ಗಂಡುಮಗು ಆಗದಿದ್ದರೆ, ಇನ್ನೊಂದು ಮದುವೆಗೆ ಅವಕಾಶ ಕೊಡುವ 1880ರ ಕಟ್ಟಳೆಯೊಂದು ಅಲ್ಲಿ ಇದೆ. 2025ರ ಜನವರಿಯಲ್ಲಿ ಜಾರಿಗೆ ಬಂದ ಉತ್ತರಾಖಂಡದ ಸಮಾನ ನಾಗರಿಕ ಸಂಹಿತೆಯಲ್ಲೂ ಒಳ್ಳೆಯದು ಕೆಟ್ಟದು ಕೂಡಿಕೊಂಡಿದೆ. ಸಪ್ತಪದಿಯೋ ನಿಕಾಹೋ ನಿಮ್ಮಿಷ್ಟ, ಆದರೆ ವಯಸ್ಸು, ಒಂದೇ ಮದುವೆ, ನೋಂದಣಿ ಎಲ್ಲ ಧರ್ಮದವರಿಗೂ ಒಂದೇ ಅನ್ನುವ ಭಾಗ ನನಗೆ ಒಪ್ಪಿಗೆ. ಮದುವೆಯಾಗದೆ ಜತೆಗಿರುವವರೂ ಬಂದು ಹೆಸರು ಬರೆಸಿ ಅನ್ನುವ ಭಾಗ ಒಪ್ಪಿಗೆಯಿಲ್ಲ. ಹಕ್ಕು ಕೊಡಲು ಬಾಗಿಲು ತಟ್ಟುವುದು ಬೇರೆ, ಒಳಗೆ ಯಾರಿದ್ದಾರೆ ಅಂತ ಇಣುಕುವುದು ಬೇರೆ.

ನನ್ನನ್ನು ಕೇಳಿದರೆ, ಸರ್ಕಾರ ಸಪ್ತಪದಿ ಎಣಿಸುವುದನ್ನು ಬಿಡಬೇಕು. ಇಬ್ಬರೂ ವಯಸ್ಸಿಗೆ ಬಂದವರಾ, ಮನಸ್ಸಿಟ್ಟು ಒಪ್ಪಿದ್ದಾರಾ, ಬೇರೆ ಮದುವೆ ಇಲ್ಲವಾ, ಇಷ್ಟು ನೋಡಿ ಅದೇ ದಿನ ಬರೆದುಕೊಳ್ಳಲಿ. ಕಾಗದ ಇಲ್ಲ ಅಂತ ಹಳ್ಳಿಯ ಹೆಂಗಸಿನ ಮದುವೆ ಸುಳ್ಳಾಗದ ಹಾಗೆ, ವರ್ಷಗಟ್ಟಲೆ ಗಂಡ ಹೆಂಡತಿಯಾಗಿ ಬಾಳಿದ್ದರೆ ಮದುವೆ ಆಗಿದೆ ಅಂತ ಊಹಿಸುವ ಕೋರ್ಟುಗಳ ಹಳೆಯ ಪದ್ಧತಿ ಮಾತ್ರ ಉಳಿಯಲಿ. ಮಂತ್ರ, ಮುಹೂರ್ತ, ಯಾರಿಗೆ ಯಾರು ಆಗಿಬರುತ್ತಾರೆ ಅನ್ನುವುದು ಪುರೋಹಿತರಿಗೆ, ಖಾಜಿಗೆ, ಪಾದ್ರಿಗೆ, ಇಲ್ಲ ಅತ್ತೆ ಮಾವಂದಿರಿಗೆ ಇರಲಿ.

ನಮ್ಮ ಗೆಳೆಯರ ಜೋಡಿಯೊಂದು ಮೇ ತಿಂಗಳಲ್ಲಿ ಮಲೆನಾಡಿನ ಮನೆಯಂಗಳದಲ್ಲಿ ಮಂತ್ರಮಾಂಗಲ್ಯ ಆಯಿತು. ನೋಟಿಸ್, ಕಾಯುವಿಕೆ ಎಲ್ಲ ಮುಗಿದು ಸ್ಪೆಷಲ್ ಮ್ಯಾರೇಜ್ ಆಕ್ಟ್‌ನಲ್ಲಿ ಸಹಿ ಹಾಕಿದ್ದು ಜುಲೈನಲ್ಲಿ. ಆಫೀಸಿನ ಇನ್ಶೂರೆನ್ಸ್ ಫಾರಂನಲ್ಲಿ 'ಮದುವೆಯ ದಿನಾಂಕ' ಅಂತ ಇದ್ದ ಕಡೆ ಅವನು ಜುಲೈ ತಾರೀಕು ಬರೆದ. ಮನೆಯಲ್ಲಿ ಹೋಳಿಗೆ ಮಾಡುವುದು ಮಾತ್ರ ಮೇ ತಿಂಗಳಲ್ಲಿ.